ತಾಲಿಬ್ ಮನೆಯ ಮೀನುಮರಿಗಳು

ಗೌರವಾನ್ವಿತ ಹಿರಿಯರೇ, ಬೀದಿಯ ನೆರೆಹೊರೆಯವರೇ, ನಮ್ಮ ವಿದ್ಯುತ್ ಉಪಕೇಂದ್ರದ ಗೆಳೆಯರೇ — ಒಳಬಾಗಿಲ ಬಳಿ ಕುಳಿತಿರುವ ತಾಲಿಬನ ಮಡದಿ ಉಮ್ ರೀಮ್, ಮಗಳೇ ರೀಮ್ — ನಿಮ್ಮೆಲ್ಲರ ಮೇಲೆ ಶಾಂತಿಯಿರಲಿ. ತಾಲಿಬ್ ನಾಜಿ ನಮ್ಮನ್ನು ಬಿಟ್ಟು ಹೋಗಿ ಇಂದಿಗೆ ನಲವತ್ತನೆಯ ದಿನ. ಅವನ ಮನೆಯಲ್ಲಿ, ಅವನ ಮನೆಯ ಕಹಿ ಕಾಫಿ ಕುಡಿದು, ಅವನಿಲ್ಲದೆ ಕುಳಿತಿದ್ದೇವೆ.

ನಾನು ಹಿಕ್ಮತ್. ಉಪಕೇಂದ್ರದಲ್ಲಿ ಅವನ ಪಕ್ಕದ ಕುರ್ಚಿಯವನು. ಮೊದಲೇ ಒಂದು ಮಾತಿಗೆ ಕ್ಷಮೆ ಕೇಳುತ್ತೇನೆ — ಕೈಯಲ್ಲಿ ಫೋನ್ ಹಿಡಿದುಕೊಂಡು ಮಾತನಾಡುತ್ತಿದ್ದೇನೆ. ಕರೆ ಬಂದರೆ ಎತ್ತಲೇಬೇಕು. ಯಾಕೆಂದು ಹೇಳುತ್ತೇನೆ.

ನನ್ನ ಹಿಂದಿರುವ ಈ ಗಾಜಿನ ತೊಟ್ಟಿಯನ್ನು ನೋಡಿ. ಅದರ ಪಂಪಿನ ಗುರ್ ಗುರ್ ಸದ್ದು ನಿಮಗೆಲ್ಲ ಕೇಳುತ್ತಿದೆ. ಒಳಗೆ ಕಿರುಬೆರಳ ಉಗುರಿನಷ್ಟು ಗಾತ್ರದ ಹಳದಿ ಮರಿಗಳಿವೆ. ಸಿಕ್ಲಿಡ್ ಮೀನಿನ ಮರಿಗಳು. ಸೂಕ್ ಅಲ್-ಗಝ್ಲ್‌ನ ಶುಕ್ರವಾರದ ಸಂತೆಯಲ್ಲಿ ಅವುಗಳ ತಾಯಿಯನ್ನು ಆರಿಸುವಾಗ ನಾನೂ ಜೊತೆಗಿದ್ದೆ. ಅವನು ಪ್ರತಿ ಮೀನಿನ ಬಾಯಿಯನ್ನೇ ನೋಡುತ್ತಿದ್ದ, ಹೀಗೆ, ಬಗ್ಗಿ, ಕನ್ನಡಕ ಮೇಲೇರಿಸಿ. ಅಂಗಡಿಯವನಿಗೆ ರೇಗಿತು. "ಏನಣ್ಣ, ಮೀನು ತಗೊಳ್ತೀಯೋ, ಹಲ್ಲು ಕೀಳ್ತೀಯೋ?"

ಬಾಯಿ ನೋಡಲು ಕಾರಣವಿತ್ತು. ಈ ಜಾತಿಯಲ್ಲಿ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಉಪವಾಸ ಇರುತ್ತದೆ. ಮರಿಗಳು ಈಜತೊಡಗಿದ ಮೇಲೂ, ಒಂದು ನೆರಳು ಬಿದ್ದರೆ ಸಾಕು — ತಾಯಿ ಬಾಯಿ ತೆರೆಯುತ್ತದೆ, ಮರಿಗಳೆಲ್ಲ ಒಳಗೆ. ಅಪಾಯ ಕಳೆದ ಮೇಲೆ ಮತ್ತೆ ಹೊರಗೆ.

ನಮ್ಮ ಕೆಲಸವೇನೆಂದು ಈ ಬೀದಿಗೆ ಹೇಳಬೇಕಾಗಿಲ್ಲ, ದಿನವೂ ಬೈಯುತ್ತೀರಿ. ಬಗ್ದಾದಿಗೆ ಕರೆಂಟು ಸಾಲದು. ಮೇಲಿನಿಂದ ಆಜ್ಞೆ ಬಂದಾಗ ಒಂದು ಬಡಾವಣೆಯ ಸ್ವಿಚ್ ಇಳಿಸಿ ಇನ್ನೊಂದರದ್ದು ಏರಿಸುತ್ತೇವೆ. ನಮ್ಮ ಕೋಣೆಯಲ್ಲಿ ಒಂದು ಪದ್ಧತಿಯಿದೆ: ಯಾರೂ ತನ್ನ ಬೀದಿಯ ಸ್ವಿಚ್ ಮುಟ್ಟುವಂತಿಲ್ಲ. ಮುಟ್ಟಿದರೆ ಕೈ ತಡವರಿಸುತ್ತದೆ. ನನ್ನ ಬೀದಿಯದನ್ನು ತಾಲಿಬ್ ಇಳಿಸುತ್ತಿದ್ದ. ಅವನದನ್ನು — ಈ ಬೀದಿಯದನ್ನು — ನಾನು. ಮಗಳ ಹೆಸರಿನಿಂದ ಅವನನ್ನು ಅಬು ರೀಮ್, ರೀಮ್‌ನ ಅಪ್ಪ, ಎಂದೇ ಕರೆಯುತ್ತಿದ್ದೆ.

"ಇಳಿಸ್ತಿದೀನಿ ಅಬು ರೀಮ್."

"ತಡಿ ತಡಿ, ಮನೆಗೆ ಹೇಳ್ಬಿಡ್ತೀನಿ."

"ಮನೇಲಿರೋದು ಮೀನೋ, ಕಾಯಿಲೆ ಬಿದ್ದ ನಿಮ್ಮ ಮಾವನೋ?"

"ಮಾವ ಆಗಿದ್ರೆ ಇಷ್ಟು ಹೆದರ್ತಿದ್ನೇನೋ!"

ಫೋನಿನಲ್ಲಿ ಎರಡೇ ಮಾತು: "ಶುರು ಮಾಡು." ಅಷ್ಟೇ. ಉಮ್ ರೀಮ್ ಸೌಟು ಎತ್ತಿಕೊಳ್ಳುತ್ತಿದ್ದರು. ತೊಟ್ಟಿಯ ನೀರನ್ನೇ ಮೊಗೆದು, ಎತ್ತರದಿಂದ ತೊಟ್ಟಿಗೇ ಸುರಿಯುವುದು. ಹಾಗೆ ಸುರಿದರೆ ನೀರಿಗೆ ಗಾಳಿ ಸೇರುತ್ತದೆ. ನಮ್ಮ ಬೇಸಿಗೆಯ ಬಿಸಿ ನೀರಿನಲ್ಲಿ ಪಂಪು ನಿಂತರೆ ಮರಿಗಳು ಬೇಗ ಸಾಯುತ್ತವೆ. ಬೀದಿಯ ಜನರೇಟರ್ ಇದೆಯಲ್ಲ ಎನ್ನಬೇಡಿ — ಅದರ ಒಡೆಯನಿಗೆ ಮಧ್ಯಾಹ್ನ ನಿದ್ದೆಯ ಹೊತ್ತು. ಅವನೂ ಇಲ್ಲೇ ಕುಳಿತಿದ್ದಾನೆ, ನಗುತ್ತಿದ್ದಾನೆ.

ಈ ಬೇಸಿಗೆಯಲ್ಲಿ ಒಂದು ದಿನ ತಾಲಿಬ್ ಕೆಲಸಕ್ಕೆ ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಕರೆಂಟು ಹೋಗಿ, ಬಂದು, ಪಂಪು ಧಡ್ ಎಂದು ಶುರುವಾದಾಗ ತಾಯಿ ಬೆದರಿ ಮರಿಗಳನ್ನು ಬಾಯಿಗೆ ಎಳೆದುಕೊಂಡಿತ್ತು. ಮತ್ತೆ ಬಿಟ್ಟಾಗ ಕೆಲವು ಹೊರಗೆ ಬರಲೇ ಇಲ್ಲ.

"ನುಂಗ್ಬಿಟ್ಟಿದಾಳೆ ಕಣೋ. ಹಸಿವಿಗಲ್ಲ. ಭಯಕ್ಕೆ."

ಆಮೇಲೆ ತಗ್ಗಿದ ದನಿಯಲ್ಲಿ ಅಂದ — ಮಗಳೇ ರೀಮ್, ಇದು ನಿನಗೆ ಗೊತ್ತಿರಲಿಕ್ಕಿಲ್ಲ — "ಬೀದಿ ಬೀದೀಲಿ ಬಾಂಬು ಸಿಡೀತಿದ್ದಾಗ ನಾನೂ ರೀಮ್‌ನ ಸ್ಕೂಲ್ ಬಿಡಿಸಿ ಮನೇಲಿ ಕೂರಿಸಿದ್ದೆ. ಕಿಟಕಿ ಹತ್ರಾನೂ ಬಿಡ್ತಿರ್ಲಿಲ್ಲ. ಇನ್ನೊಂದು ವರ್ಷ ಹಾಗೇ ಮಾಡಿದ್ದಿದ್ರೆ ನುಂಗೇ ಬಿಡ್ತಿದ್ದೆ ಅವಳನ್ನ."

ಅಂದೇ ಸಂಜೆ ತಾಯಿಯನ್ನು ಬೇರೆ ತೊಟ್ಟಿಗೆ ಹಾಕಿದ. ಮರಿಗಳು ಇಲ್ಲಿ ಉಳಿದವು. ಅವುಗಳಿಗೆ ಅಡಗಲು ಒಂದು ಮಣ್ಣಿನ ಕುಡಿಕೆ ಇಟ್ಟ. ಅಲ್ಲಿ ಮೂಲೆಯಲ್ಲಿದೆ, ನೋಡಿ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಸೋಸಿ, ಬೆರಳ ತುದಿಯಲ್ಲಿ ತಿನ್ನಿಸಿದ. ಪಂಪಿನ ಸದ್ದು ನಿಲ್ಲುವುದೊಂದೇ ಅವನ ಭಯವಾಗಿತ್ತು. ಕೋಣೆ ನಿಶ್ಶಬ್ದವಾದರೆ ಬೆಚ್ಚಿ ತಲೆ ಎತ್ತುತ್ತಿದ್ದ.

ಆ ದಿನ — ಹೇಳಲೇಬೇಕು — ಆ ದಿನವೂ ನಾನು, "ಇಳಿಸ್ತಿದೀನಿ" ಅಂದೆ. ಅವನು ಫೋನ್ ಮಾಡಿದ. "ಶುರು ಮಾಡು" ಅಂದ. ಫೋನ್ ಮೇಜಿನ ಮೇಲಿಟ್ಟ. ತಲೆಯನ್ನೂ ಮೇಜಿನ ಮೇಲಿಟ್ಟ. ದಣಿದಿದ್ದಾನೆ ಎಂದುಕೊಂಡು ನಾನು ಸ್ವಿಚ್ ಇಳಿಸಿದೆ. ತಿರುಗಿ ನೋಡಿದಾಗ — ಅವನ ಹೃದಯ ನಿಂತಿತ್ತು.

ಈ ಮನೆಗೆ ಫೋನ್ ಮಾಡಿದೆವು. ಹೊಡೆದುಕೊಂಡಿತು, ಹೊಡೆದುಕೊಂಡಿತು. ಯಾರೂ ಎತ್ತಲಿಲ್ಲ.

ಆಮೇಲೆ ಉಮ್ ರೀಮ್ ನನಗೆ ಹೇಳಿದರು. ಅವರ ಅನುಮತಿ ಪಡೆದೇ ಹೇಳುತ್ತಿದ್ದೇನೆ. "ಎತ್ತೋಕೆ ಕೈ ಎಲ್ಲಿತ್ತು? ಸೌಟು ಬಿಟ್ರೆ ಮರಿ ಸಾಯ್ತಾವೆ. ಇವ್ರೇ ಮತ್ತೆ ಮತ್ತೆ ಫೋನ್ ಮಾಡ್ತಿದಾರೆ ಅಂತ ಬೈದೆ ಕೂಡ."

"ಏನಂತ ಬೈದ್ರಿ?"

"ಸ್ವಲ್ಪ ತಡ್ಕೊಂಡ್ರೆ ಸತ್ತೋಗ್ತೀರಾ, ಅಂತ."

— ಕ್ಷಮಿಸಿ. ಒಂದು ಗುಟುಕು ನೀರು.

ಕರೆಂಟು ಬರುವವರೆಗೂ ಅವರು ಸುರಿದರು. ಒಂದು ಮರಿಯೂ ಸಾಯಲಿಲ್ಲ. ಕರೆಂಟು ಬಂತು, ಪಂಪು ಶುರುವಾಯಿತು, ಆಮೇಲೆ ಅವರು ಫೋನ್ ಎತ್ತಿದರು.

ಕೆಲವು ದಿನಗಳ ಹಿಂದೆ ಕೇಳಿದರು: "ಇವನ್ನ ತಗೊಂಡೋಗಿ ಹಿಕ್ಮತ್. ಕರೆಂಟು ಹೋದ್ರೆ ನನ್ನೆದೆ ನಿಂತಂಗಾಗುತ್ತೆ. ಈಗ ಮುಂಚೆ ಹೇಳೋರು ಯಾರಿದಾರೆ? ನಾನು ಅಡುಗೆ ಮನೇಲಿರ್ತೀನಿ, ಸದ್ದು ನಿಂತಿದ್ದು ಗೊತ್ತಾಗಲ್ಲ. ಎಲ್ಲಾ ತೇಲ್ತಿರೋದನ್ನ ನಾನು ನೋಡ್ಬೇಕಾ?" ಸಂತೆಯ ಅಂಗಡಿಯವನನ್ನು ವಿಚಾರಿಸಿದೆ. ಈ ಬಿಸಿಲಿಗೆ ಇಷ್ಟು ಚಿಕ್ಕವು ದಾರಿಯಲ್ಲೇ ಸಾಯುತ್ತವೆ, ಬೆರಳುದ್ದ ಬೆಳೆಯಲಿ ಅಂದ. ಹಾಗಾಗಿ ಅವು ಇಲ್ಲೇ ಇವೆ. ಸ್ವಿಚ್ಚಿನ ಮೇಲೆ ಕೈಯಿಟ್ಟು ಈಗ ನಾನೇ ಈ ಮನೆಗೆ ಫೋನ್ ಮಾಡುತ್ತೇನೆ. "ಉಮ್ ರೀಮ್" ಎಂದು ಕರೆಯುವ ಹೊತ್ತಿಗೆ ಅವರು ಸೌಟು ಎತ್ತಿಕೊಂಡಿರುತ್ತಾರೆ. ಇಬ್ಬರೂ ಹೆದರಿದವರೇ.

ಇಂದು ನಾನು ಇಲ್ಲಿದ್ದೇನೆ. ಸ್ವಿಚ್ಚಿನ ಮುಂದೆ ವಿಸಾಮ್ ಇದ್ದಾನೆ, ಹೊಸಬ. ಈ ಬೀದಿಯ ಸರದಿ ಇದೇ ಮಧ್ಯಾಹ್ನ. ಇವತ್ತೊಂದು ದಿನ ಬಿಟ್ಟುಬಿಡು ಎನ್ನಬಹುದಿತ್ತು. ನಾನು ಹೇಳಲಿಲ್ಲ, ತಾಲಿಬ್ ಎಂದೂ ನನ್ನನ್ನು ಹಾಗೆ ಕೇಳಿದವನಲ್ಲ. ಇಳಿಸುವ ಮುಂಚೆ ಫೋನ್ ಮಾಡು, ಅಷ್ಟೇ ಹೇಳಿ ಬಂದಿದ್ದೇನೆ. ಅವನು ಮರೆತರೆ ಎಂದು ಆಗಿನಿಂದ —

ಒಂದು ನಿಮಿಷ.

ಹಲೋ. ಹೂಂ, ವಿಸಾಮ್. — ಹೂಂ. ಇಳಿಸಪ್ಪ.

ಉಮ್ ರೀಮ್ — ಶುರು ಮಾಡಿ.

ಸಭೆಯಲ್ಲಿರುವ ಎಲ್ಲರಲ್ಲೂ ನನ್ನ ಪ್ರಾರ್ಥನೆ: ತಾಲಿಬ್ ನಾಜಿಗಾಗಿ ಎದ್ದು ನಿಲ್ಲೋಣ. ಆದರೆ ನಿಧಾನವಾಗಿ ಏಳಿ. ತೊಟ್ಟಿಯ ಬಳಿ ಇರುವವರು ಗಾಜಿನ ಮೇಲೆ ನೆರಳು ಬೀಳದಂತೆ ಸ್ವಲ್ಪ ಹಿಂದೆ ಸರಿಯಿರಿ. ಬೆದರಿದರೆ ಓಡಿಹೋಗಲು ಅವಕ್ಕೆ ತಾಯಿಯ ಬಾಯಿಲ್ಲ.

ಫ್ಯಾನು ನಿಲ್ಲುತ್ತಿದೆ. ಪಂಪೂ ನಿಂತಿತು. ಯಾರೂ ಮಾತನಾಡಬೇಡಿ. ಮನಸ್ಸಿನಲ್ಲೇ ಫಾತಿಹಾ ಓದಿಕೊಳ್ಳಿ. ಸೌಟಿನಿಂದ ನೀರು ಬೀಳುವ ಸದ್ದೊಂದೇ ಕೇಳಲಿ.