ಇಪ್ಪತ್ತೆಂದು ಬರೆಸಿದವನು

ಮೋವಾಬಿನ ಬಯಲಲ್ಲಿ ಇಸ್ರಾಯೇಲರ ಗಂಡಸರ ಎಣಿಕೆ ನಡೆದಿತ್ತು. ಸಾಲಿನಲ್ಲಿದ್ದ ಜಿಕ್ರಿಗೆ ತನ್ನ ಮುಂದಿದ್ದ ಗಂಡ ಹೆಂಡಿರ ಪಿಸುಮಾತು ಕೇಳಿಸಿತು.

"'ನಲವತ್ತು ವರ್ಷದ ಹಿಂದಿನ ಎಣಿಕೇಲಿ ನಂಗೆ ಹತ್ತೊಂಬತ್ತೇ ಆಗಿತ್ತು' ಅಂದ್ಬಿಡ್ರೀ," ಎಂದಳು ಹೆಂಡತಿ.

"ಇಪ್ಪತ್ತಾದೋರನ್ನ ಮಾತ್ರ ಸೇನೆಗೆ ಸೇರಿಸ್ಕೊಳ್ತಿದ್ರು; ಈಟಿ ಹಿಡಿಯೋ ಹುಚ್ಚಿಗೆ ಇಪ್ಪತ್ತು ಅಂತ ನಾನೇ ಬರೆಸಿದ್ದೆ ಕಣೇ. ಆಮೇಲೆ ಬೇರೆ ನಾಯಕನ್ನ ಮಾಡ್ಕೊಂಡು ಐಗುಪ್ತಕ್ಕೆ ವಾಪಸ್ ಹೋಗೋಣ ಅಂತ ದೊಡ್ಡೋರ ಜೊತೆ ಕೂಗಾಡ್ದೆ."

"ಅದಕ್ಕೇ ತಾನೆ, ಇಪ್ಪತ್ತು ತುಂಬಿದೋರೆಲ್ಲ ತಾನು ಕೊಡೋ ನಾಡು ಸೇರದೆ ಮರಳುಗಾಡಲ್ಲೇ ಸಾಯ್ತಾರೆ ಅಂತ ದೇವರು ಹೇಳಿದ್ದು?"

"ಹ್ಞೂಂ. ಈಗ ಮೋಶೆಯವರು ನಾಯಕತ್ವದಿಂದ ಇಳಿದು ಯೆಹೋಶುವ ಬರ್ತಾನಂತೆ. ಹಳೇ ಪಟ್ಟೀಲಿ ಇಪ್ಪತ್ತು ಅಂತಿರುವಾಗ ಹೊಸಬರು ನನ್ನ ನಂಬ್ತಾರಾ? ನನ್ನ ಹುಟ್ಟು ಬಲ್ಲೋರೆಲ್ಲ ಮಣ್ಣಾದ್ರು. ಸಾಕ್ಷಿ ಯಾರು?"

"ನೀವೇ. ಅವರೆಲ್ಲ ಸತ್ರು, ನೀವಿನ್ನೂ ಉಸಿರಾಡ್ತಿದ್ದೀರಲ್ಲ!"

"ಮುಂದಿನವರು ಬನ್ನಿ," ಬರೆಯುವವನು ಕೂಗಿದ.

ಗಂಡ ಒಮ್ಮೆ ಎದೆ ಮುಟ್ಟಿ ನೋಡಿಕೊಂಡು, ಹೆಜ್ಜೆ ಕಿತ್ತಿಟ್ಟ.