ಅಲುಗದೆ ನಿಂತವಳು

ಸಂಜೆ ಹಿಡಿದ ಮಳೆ ಊಟವಾದರೂ ಬಿಟ್ಟಿರಲಿಲ್ಲ. ರಾಯಚೂರಿನ ಕಡೆಗೆ ಬಸ್ಸು ಸಿಗದೆ, ಯರಗೇರಾದ ವಿಶ್ವವಿದ್ಯಾಲಯದಿಂದ ಬಂದಿದ್ದ ನಾವು ನಾಲ್ವರು ಹುಡುಗಿಯರು ಮಾನ್ವಿಯ ವೀರಭದ್ರಮ್ಮನವರ ಪಡಸಾಲೆಯಲ್ಲೇ ಉಳಿದುಕೊಂಡೆವು. ಅವರ ಮನೆತನದ ಹಳೆಯ ಅಕ್ಕಿ ಗಿರಣಿಗಾಗಿಯೇ ನಾವು ಬಂದದ್ದು. ನಮ್ಮದೊಂದು ಆಟವಿದೆ. ತಂಡ ಕಟ್ಟಿಕೊಂಡು ಒಂದು ಕಟ್ಟಡವನ್ನು ಎಲ್ಲ ಕಡೆಯಿಂದ ಮೊಬೈಲಿನಲ್ಲಿ ಫೋಟೋ ತೆಗೆಯಬೇಕು. ಹಲವರ ಫೋಟೋಗಳನ್ನು ಜೋಡಿಸಿದಂತೆ ಆ ಕಟ್ಟಡ ಚುಕ್ಕೆ ಚುಕ್ಕೆಯಾಗಿ ಪರದೆಯ ಮೇಲೆ ಎದ್ದು ನಿಲ್ಲುತ್ತದೆ, ಬೆರಳಿನಿಂದ ತಿರುಗಿಸಿದರೆ ಹಿಂಬದಿಯೂ ಕಾಣುತ್ತದೆ. ಯಾರೂ ತೋರಿಸದ ಮೂಲೆ ತೋರಿಸಿದವರಿಗೆ ಹೆಚ್ಚು ಅಂಕ. ರಾಯಚೂರು, ದೇವದುರ್ಗ, ಮಾನ್ವಿ ತಂಡಗಳ ನಡುವೆ ಪೈಪೋಟಿ ಜೋರಾಗಿತ್ತು. ಆದರೂ ಪರದೆಯ ಮೇಲೆ ಈ ಗಿರಣಿ ಮಾತ್ರ ಮೂರು ವರ್ಷದಿಂದ ಅರ್ಧಕ್ಕೇ ನಿಂತಿತ್ತು. ಯಾಕೆಂದು ನಾನು ಕೇಳಿದೆ.

ಕರೆಂಟು ಹೋಗಿತ್ತು. ಮೊಮ್ಮಗಳು ವಿಜಯಶ್ರೀ ಲಾಟೀನು ತಂದಿಟ್ಟು ಕಂಬಕ್ಕೆ ಒರಗಿ ಕುಳಿತಳು. ಅಜ್ಜಿ ಎಲೆಯಡಿಕೆಯ ಚೀಲ ಬಿಚ್ಚಿದರು.

"ಯಾಕಂತ ಕೇಳ್ತೀಯೇನವಾ? ಕೇಳು ಹಂಗಾದ್ರ... ನಡುವ ಬಾಯಿ ಹಾಕಬ್ಯಾಡ್ರಿ, ಗದ್ದಲನೂ ಮಾಡಬ್ಯಾಡ್ರಿ, ಒಳಗ ಒಬ್ಬಾಕಿ ಮಲಗ್ಯಾಳ.

ಫೋಟೋ ತೆಗಿಯೂದು ಆಟ ಅಂತ! ನಮ್ಮ ಕಾಲದಾಗ ಫೋಟೋ ಅಂದ್ರ ಮುಖಕ್ಕ ಪೌಡರ್ ಬಡಕೊಂಡು, ಉಸಿರು ಬಿಗಿಹಿಡಿದು ನಿಂದ್ರತಿದ್ವಿ. ನೀವು ನೋಡಿದ್ರ ಗ್ವಾಡಿ ಫೋಟೋ ಹೊಡೀತೀರಿ. ಇರಲಿ. ನಮ್ಮ ವಿಜಯಶ್ರೀ, ಆಕಿ ಗೆಳತಿ ಮಲ್ಲೇಶ್ವರಿ, ಇಬ್ಬರೂ ಕೂಡಿ ಈ ಆಟದ ಬೆನ್ನ ಹತ್ತಿದ್ರು. ಮಲ್ಲೇಶ್ವರಿ ದೇವದುರ್ಗದಾಗ ಚಿಗವ್ವನ ಕೈಯಾಗ ಬೆಳದ ಹುಡುಗಿ. ಆಕಿ ತಾಯಿ ಭೀಮವ್ವ ಮಲ್ಲಟದಾಕಿ, ನಮ್ಮ ಗಿರಣ್ಯಾಗಽ ದುಡೀತಿದ್ದಳು. ಹಸುಗೂಸಿಗೆ ಅಂಗಳದ ಬೇವಿನ ಗಿಡಕ್ಕ ಸೀರಿ ಜೋಳಿಗಿ ಕಟ್ಟಿ ಮಲಗಿಸಿ, ಒಳಗ ಚೀಲ ಹೊಲಿಯಾಕ ಹೋಗಾಕಿ. ಒಂದಿನ ಕೂಸು ಅತ್ತಿತು... 'ಬಂದೆ ನನ್ನವ್ವಾ, ಬಂದೆ' ಅಂತ ಗೋದಾಮಿನ ಬಾಗಿಲ ತನಕ ಬಂದಳು, ಚೌಕಟ್ಟಿಗೆ ಕೈ ಹಚ್ಚಿದಳು, ಅಷ್ಟರಾಗ ಬೆನ್ನ ಹಿಂದಿನ ಭತ್ತದ ಚೀಲದ ಥಪ್ಪಿ ಆಕಿ ಮ್ಯಾಲ ಕುಸೀತು. ಹೋಗೇ ಬಿಟ್ಟಳು.

ಆಕಿದು ಒಂದು ಫೋಟೋನೂ ಇಲ್ಲ. ದುಡಿಯೂ ಹೆಣ್ಮಗಳ ಫೋಟೋ ಯಾರು ತೆಗಸಾಕತ್ತಿದ್ರು ಆಗ? ಹಿರೇರ ಹಬ್ಬಕ್ಕ ಎಲ್ಲಾರೂ ಸತ್ತವರ ಫೋಟೋದ ಮುಂದ ಎಡಿ ಇಟ್ರ, ಮಲ್ಲೇಶ್ವರಿ ತಾಯಿದೊಂದು ಹಳೇ ಸೀರಿ ಮುಂದ ಇಡಾಕಿ. 'ಅಜ್ಜೀ, ನಮ್ಮವ್ವ ನೋಡಾಕ ನನ್ನಂಗ ಇದ್ದಳೇನ್ರಿ?' ಅಂತ ಬಂದಾಗೊಮ್ಮೆ ಕೇಳಾಕಿ. ನನ್ನ ನೆಪ್ಪು ನನ್ನ ಹಲ್ಲಿದ್ದಂಗ, ಬೇಕಾದಾಗ ಇರಂಗಿಲ್ಲ.

ಗಿರಣಿ ಸುತ್ತ ಫೋಟೋ ಹೊಡದು ಹೊಡದು ಮೊಬೈಲಿನಾಗ ಗಿರಣಿ ಎದ್ದಿತು. ಈ ಆಟದ ಗುಣ ನಿಮಗ ಗೊತ್ತಽ ಅದ, ಅಲುಗಾಡೂದು ಯಾವುದೂ ಅದರಾಗ ಉಳಿಯಂಗಿಲ್ಲ. ನಾಯಿ ಹಾದ್ರ ಇಲ್ಲ, ಮಂದಿ ಹಾದ್ರ ಇಲ್ಲ. ದಿನಾ, ಎಲ್ಲಾರ ಫೋಟೋದಾಗ, ಒಂದಽ ಜಾಗಾದಾಗ ನಿಂತಿದ್ದಷ್ಟು ಮೂಡತದ. ಗ್ವಾಡಿ ಮೂಡಿತು, ಚಿಮಣಿ ಮೂಡಿತು, ಗೋದಾಮಿನ ಬಾಗಿಲ ಮೂಡಿತು... ಬಾಗಿಲದಾಗ ಒಬ್ಬಾಕಿ ಮೂಡಿದಳು.

ಒಂದೊಂದಽ ಫೋಟೋ ನೋಡಿದ್ರ ಬಾಗಿಲ ಖಾಲಿ. ಎಲ್ಲಾ ಕೂಡಿಸಿದ್ರ ಆಕಿ ನಿಂತಾಳ. ಒಂದು ಕೈ ಚೌಕಟ್ಟಿಗೆ, ಮುಖ ಬೇವಿನ ಗಿಡದ ಕಡಿ. ಸೀರಿ ನಿರಿಗಿ ಸೈತ ಎಣಿಸಬಹುದಿತ್ತು, ಮುಖ ಮಾತ್ರ ಬರೇ ಬಯಲು. ಯಾಕ ಹೇಳ್ರಿ? ಗಿಡದ ಕೆಳಗ ಜಾಲಿ ಬೆಳದಿತ್ತು, ಅಲ್ಲಿ ನಿಂತು ಯಾರೂ ಫೋಟೋ ಹೊಡದಿದ್ದಿಲ್ಲ.

ಮಲ್ಲೇಶ್ವರಿ ಹೆದರಲಿಲ್ಲ ನೋಡ್ರಿ. ತಾಯಿ ಮುಖ ನೋಡಬೇಕು, ಅಷ್ಟಽ ಆಕಿಗೆ. ಜಾಲಿ ಕಡಿಸಿದಳು, ಗಿಡದ ಕೆಳಗ ಹೋಗಿ ನಿಂತಳು. ಆದ್ರ ಕೈ ನಡುಗಿದ್ರ ಫೋಟೋ ಮಂಜಾಗತದ, ಮಂಜಾದದ್ದು ಈ ಆಟಕ್ಕ ನಡಿಯಂಗಿಲ್ಲ. ಹೊಡದದ್ದೆಲ್ಲಾ ವಾಪಸ್ ಒಗದಿತು. ತಾಯಿ ಎದುರಿಗೆ ನಿಂತಾಕಿಗೆ ಕೈ ನಡುಗದಽ ಇರತದೇನು? ಆಗ ನಮ್ಮ ಈ ಶಾಣ್ಯಾಕಿ ವಿಜಯಶ್ರೀ, 'ಸರಿ ಬೇ, ತಾ ಇಲ್ಲಿ, ನಾ ಹೊಡೀತೀನಿ' ಅಂತ ಆಕಿನ್ನ ಸರಿಸಿದಳು. ಜೋಳಿಗಿ ಕಟ್ಟತಿದ್ದ ಜಾಗಾದಾಗ... ತಾನು ನಿಂತಳು.

ಫೋಟೋ ಎಲ್ಲಾ ಸ್ವಚ್ಛ ಬಂದ್ವು. ಕೂಡಿಸಿ ನೋಡಿದ್ರ ಬಾಗಿಲದಾಗ ಯಾರೂ ಇಲ್ಲ! ಅಷ್ಟು ವರ್ಷ ಅಲುಗದಽ ನಿಂತಾಕಿ ಅವತ್ತು ಅಲುಗಿದ್ದಳು. ಜೋಳಿಗಿ ಜಾಗಾದಾಗ ನಡುಗದಽ ನಿಂತಾಕಿನಽ ಮಗಳು ಅಂತ ತಿಳಕೊಂಡು, ಈಕಿ ಬೆನ್ನ ಹಿಂದ ನಮ್ಮ ಮನಿಗೆ ಬಂದಳು. ಅವತ್ತಿಗೆ ಇಬ್ಬರೂ ಗಿರಣಿ ಫೋಟೋ ಹೊಡಿಯೂದು ಬಿಟ್ರು.

ಯಾಕವ್ವಾ, ಯಾಕ ಒತ್ತಿಕೊಂಡು ಕುಂದರಾಕತ್ತೀರಿ? ಆಕಿ ಯಾರಿಗೂ ಏನೂ ಮಾಡಿಲ್ಲ. ಅವತ್ತಿನಿಂದ ವಿಜಯಶ್ರೀ ಕೌದಿ ರಾತ್ರಿ ಸರದ್ರೂ ಬೆಳಿಗ್ಗಿ ಕುತ್ತಿಗಿ ತನಕ ಹೊಚ್ಚಿರತದ. ಮಾಗಿಯಾಗ ಸೈತ ಈಕಿಗೆ ಚಳಿ ಅನ್ನೂದು ಗೊತ್ತಿಲ್ಲ, ಯಾರೋ ಅಪ್ಪಿಕೊಂಡಂಗ ಮೈ ಬೆಚ್ಚಗ ಇರತದ. ಮಲ್ಲೇಶ್ವರಿಗೆ ಮಾತ್ರ ಎರಡು ಸಲ ತಾಯಿನ್ನ ಕಳಕೊಂಡಂಗಾತು. ಬಂದು ಈಕಿ ಮಲಗೂ ಖೋಲಿ ಫೋಟೋ ಹೊಡದಳು. ಮೂಡಿತು... ಹಾಸಿಗಿ ಮಗ್ಗಲಿಗೆ ಒಬ್ಬಾಕಿ ಬಗ್ಗಿ ಕುಂತಾಳ. ಬೆನ್ನು ಅದ, ತುರುಬು ಅದ, ಮುಖ ಇಲ್ಲ. ಆ ಮುಖ ಹಾಸಿಗ್ಯಾಗ ಮಲಗಿದಾಕಿಗೆ ಮಾತ್ರ ಕಾಣೂದು, ಈಕಿಗೋ ಕುಂಭಕರ್ಣನ ನಿದ್ದಿ.

ಅದಕ್ಕ ಇವತ್ತು ಮಲ್ಲೇಶ್ವರಿನ್ನ ಕರೆಸೀನಿ. ಈಕಿ ಹಾಸಿಗ್ಯಾಗ ಮಲಗಿಸೀನಿ. 'ಫೋನು ಬ್ಯಾಡ, ನಿನ್ನ ಕಣ್ಣಿಲೆ ನೋಡು' ಅಂದೀನಿ. ತಾಯಿಗೆ ಮಗಳ ಗುರ್ತು ಸಿಗತದೋ ಇಲ್ಲೋ... ಯಾರು ಹೇಳಬೇಕು?"

ಅಜ್ಜಿ ಎಲೆಯಡಿಕೆಯ ಚೀಲ ಕಟ್ಟಿಟ್ಟರು. ನಾವೆಲ್ಲ ಒಳಕೋಣೆಯ ಮುಚ್ಚಿದ ಬಾಗಿಲನ್ನೇ ನೋಡುತ್ತ ಕುಳಿತೆವು. ಎಷ್ಟೋ ಹೊತ್ತಿನ ಮೇಲೆ ವಿಜಯಶ್ರೀ ದುಪಟ್ಟಾವನ್ನು ಮೈತುಂಬ ಎಳೆದುಕೊಂಡಳು. ಅವಳ ಹಲ್ಲು ಕಟಕಟಿಸುತ್ತಿತ್ತು.

"ಅಜ್ಜೀ... ನನಗ ಚಳಿ ಆಗಾಕತ್ತದ."

ಅಜ್ಜಿ ತಮ್ಮ ಚಾದರ ತೆಗೆದು ಅವಳಿಗೆ ಹೊದಿಸಿದರು. ಕಣ್ಣು ಒರೆಸಿಕೊಂಡು, ನಮ್ಮ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ಬೆಳಗಾಗೂ ತನಕ ಆ ಬಾಗಿಲ ಯಾರೂ ತೆಗೀಬ್ಯಾಡ್ರಿ. ತಾಯಿ ಮಗಳ ಮಗ್ಗಲಿಗೆ ಕುಂತಾಳ."