ಕ್ಲಚ್ಚಿನ ಮೇಲಿನ ಕಾಲು

...ಅಲ್ಲ ಮಗಾ, ಇದು ನಾನು ಹುಟ್ಟಿಸಿ ಹೇಳುವ ಮಾತಲ್ಲ. ನನಗೆ ಮೊದಲು ಹೇಳಿದವ ಕೊಲ್ಲೂರಿನ ಜೀಪಿನ ಶೀನ. ಈಗ ನಮ್ಮನ್ನು ಕರಕೊಂಡು ಹೋಪುಕೆ ಬತ್ತಾ ಇದ್ದಾನಲ್ಲ, ಅವನೇ. ಫೋನು ಮಾಡಿದ್ದೆ. ಹಾಲ್ಕಲ್ ಹತ್ರ ಬ್ಲಾಕ್ ಅಂಬ್ರು. ಬತ್ತ. ಅಷ್ಟರ ತನಕ ಹೀಂಗೇ ಕೂಕಂಬ. ಹೆದರಬೇಡ, ಹ್ಯಾಂಡ್ ಬ್ರೇಕ್ ಎಳೆದಿದ್ದೆ. ಹಿಂದಿನ ಟೈರಿಗೆ ನಮ್ಮ ಹಿಂದೆ ನಿಂತ ಆ ಬಸ್ಸಿನ ಕಂಡಕ್ಟರ್ ಕಲ್ಲು ಕೊಟ್ಟಿದ್ದಾನೆ. ಏರಾದ್ರೂ ಎಲ್ಲಿಗೂ ಜಾರುದಿಲ್ಲ.

ಮೂಗು ಮುಚ್ಚಬೇಡ ಮಾರಾಯ್ತಿ, ಈ ಕ್ಲಚ್ಚು ಸುಟ್ಟ ವಾಸನೆ ಈಗ ಹೋತ್. ಗ್ಲಾಸ್ ಇಳಿಸು. ಹಾಂ... ಶ್ರಾವ್ಯ ಏಳದಿದ್ರೆ ಸಾಕು. ಹಿಂದಿನ ಸೀಟಲ್ಲಿ ಹೊಸ ಲಂಗ ಹಾಕ್ಕೊಂಡು ಎಷ್ಟು ಚಂದ ಮಲಗಿದ್ದಾಳೆ, ಕಾಣ್. ಮೊಮ್ಮಗಳಿಗೆ ವಿಜಯದಶಮಿ ದಿನ ಅಮ್ಮನ ಸನ್ನಿಧಿಯಲ್ಲಿ ಅಕ್ಕಿಯ ಮೇಲೆ ಮೊದಲ ಅಕ್ಷರ ಬರೆಸುದು ಅಂದ್ರೆ ಅದಕ್ಕೂ ಯೋಗ ಬೇಕು. ನಿನ್ನ ಅತ್ತೆ ನಿನ್ನೆಯೇ ಹೋಗಿ ಲಾಡ್ಜಲ್ಲಿ ಕಾಯ್ತಾ ಕೂತಿದ್ದಾಳೆ. ಮುಟ್ತೇವೆ. ಅಮ್ಮ ಮುಟ್ಟಿಸ್ತಾಳೆ.

ಎಂತ ಹೇಳ್ತಾ ಇದ್ದೆ? ಹಾಂ, ಶೀನ. ಅವ ಹೇಳಿದ್ದು ಬಚ್ಚನ ಕಥೆ. ಕೊಡಚಾದ್ರಿಗೆ ಜೀಪು ಬಿಡುತ್ತಿದ್ದವ ಈ ಬಚ್ಚ. ಕೈ ಒಳ್ಳೆಯದು. ಆದರೆ ಒಂದು ಚಾಳಿ, ಕ್ಲಚ್ಚಿನ ಮೇಲಿಂದ ಕಾಲು ತೆಗೆಯ. ಗೇರು ಬದಲಿಸಿದ ಮೇಲೆ ಎಡಗಾಲು ಪಕ್ಕಕ್ಕೆ ಇಡ್ಕ್ ಅಲ್ದಾ? ಅವ ಅಲ್ಲೇ ಇಡುವುದು, ದಿಂಬಿನ ಮೇಲೆ ಇಟ್ಟ ಹಾಂಗೆ. ಏರಿನಲ್ಲಿ ನಿಲ್ಲಿಸುಕೆ ಬ್ರೇಕ್ ಒತ್ತುವವನೇ ಅಲ್ಲ. ಅರ್ಧ ಕ್ಲಚ್ಚಿನಲ್ಲಿ ಗಾಡಿಯನ್ನು ತೂಗುಹಾಕಿ, ಎದುರಿಂದ ಬಂದ ಜೀಪಿನವನ ಹತ್ರ ಪಟ್ಟಾಂಗ. "ಹ್ವಾಯ್ ಬಚ್ಚಾ, ಕ್ಲಚ್ ಪ್ಲೇಟ್ ತಿಂತಾ ಇದ್ದೆ ಮಾರಾಯಾ" ಅಂತ ಶೀನ ಎಷ್ಟೋ ಸಲ ಹೇಳಿದ. "ತಿಂದ್ರೆ ನಿಂಗೆಂತ, ಊಟ ನಿನ್ನ ಮನೇದಾ?" ಅಂದ ಅಂಬ್ರು ಅವ.

ಎಂತಕ್ಕೆ ನಗಾಡ್ತೆ? ನಗಾಡುವ ಕಥೆ ಅಲ್ಲ ಅದು. ಒಂದು ದಿನ ಜೀಪು ತುಂಬ ಯಾತ್ರಿಕರು. ಕಡಿದಾದ ಏರು. ಯಥಾಪ್ರಕಾರ ನಿಲ್ಲಿಸಿದ, ಮಾತಾಡಿದ. ಪ್ಲೇಟು ಕಾದು ಕಾದು ಹಿಡಿತ ಬಿಟ್ಟಿತು. ಎಂಜಿನ್ ಕೂಗ್ತದೆ, ಚಕ್ರ ಎಳೆಯುದಿಲ್ಲ! ಗಾಡಿ ಹಿಂದೆ... ಹಿಂದೆ... ಅವ ಬ್ರೇಕ್ ಒತ್ತುವಷ್ಟರಲ್ಲಿ ಹಿಂದೆ ಕೂತ ಒಬ್ಬಳು ಹೆಂಗಸು ಹೆದರಿ ಹಾರಿದಳು. ಚಕ್ರದ ಅಡಿಗೇ. ಎಲ್ಲಾ ಮುಗಿದ ಮೇಲೂ ಅವಳ ಗಂಡ ಹುಲ್ಲಿನಲ್ಲಿ ಅವಳ ಒಂದು ಚಪ್ಪಲಿ ಹುಡುಕ್ತಾ ಇದ್ದನಂತೆ. ಕಾಂತಿಲ್ಲ, ಕಾಂತಿಲ್ಲ ಅಂತ... ಶೀನ ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅದಕ್ಕೇ ನಾನು ನಿಂಗೆ ಮೊದಲ ದಿನದಿಂದ ಹೇಳಿದ್ದು. ಗೇರು ಹಾಕಿದ್ಯಾ, ಕಾಲು ತೆಗಿ. ರೈಲ್ವೆ ಗೇಟಿನಲ್ಲಿ ನಿಂತ್ಯಾ, ನ್ಯೂಟ್ರಲ್ ಮಾಡು, ಕಾಲು ತೆಗಿ. ಏರಿನಲ್ಲಿ ನಿಂತ್ರೆ ಹ್ಯಾಂಡ್ ಬ್ರೇಕ್ ಎಳಿ, ಕಾಲು ತೆಗಿ. ಹೊರಡುವಾಗ ಫಸ್ಟ್ ಗೇರಿನಲ್ಲೇ ಹೊರಡು. ಕ್ಲಚ್ಚು ಅಂದ್ರೆ ಎಂತ? ಓಡುವ ಎಂಜಿನ್ನಿಗೂ ನಿಂತ ಚಕ್ರಕ್ಕೂ ಕೈ ಹಿಡಿಸಿ ಕೊಡುವುದು. ಪೂರ್ತಿ ಒತ್ತು, ಇಲ್ಲದಿದ್ರೆ ಪೂರ್ತಿ ಬಿಡು. ನಡುವೆ ಇಟ್ಟರೆ ಉಜ್ಜಿ ಉಜ್ಜಿ ಸಾಯ್ತದೆ. ಗೊತ್ತುಂಟು, ಗೊತ್ತುಂಟು... ನೀನು ಕೇಳಿ ಕೇಳಿ ಬೇಸತ್ತಿದ್ದೆ.

ಆದರೂ ಸುಟ್ಟಿತಲ್ಲ! ಮಳೆಗಾಲದಲ್ಲಿ ಹಳೆ ಪ್ಲೇಟ್ ಹೋದಾಗ ಗ್ಯಾರೇಜಿನವ ಅದನ್ನು ನನ್ನ ಕೈಯಲ್ಲಿ ಇಟ್ಟ. ಕರ್ರಗೆ ಆಗಿತ್ತು. "ವೆಂಕಟಣ್ಣ, ನಿಮ್ಮ ಮನೆಯಲ್ಲಿ ಯಾರೋ ಕ್ಲಚ್ಚಿನ ಮೇಲೆ ಕಾಲು ಇಟ್ಕೊಂಡೇ ಬಿಡ್ತಾರೆ" ಅಂದ. ಮನೆಯಲ್ಲಿ ಕಾರು ಬಿಡುವವರು ಯಾರು? ನಾನು, ನೀನು. ನಾನು ತಲೆ ಹಣ್ಣಾಗುವ ತನಕ ಬಿಟ್ಟವ, ನೀನು ನಿನ್ನೆ ಮೊನ್ನೆ ಕಲಿತವಳು. ಗ್ಯಾರೇಜಿನವನಿಗೂ ನಿನ್ನ ಅತ್ತೆಗೂ ನಿನ್ನ ಹೆಸರು ಹೇಳಿದೆ. ರಂಜನನಿಗೆ ಮುಂಬಯಿಗೆ ಫೋನು ಮಾಡಿಯೂ ಹಾಂಗೇ ಹೇಳಿದೆ. ಮಗನಿಗೆ ಹೇಳದೆ ಯಾರಿಗೆ ಹೇಳ್ಕ್? ಅವ ಹೋಟೆಲಿನ ಗಡಿಬಿಡಿಯಲ್ಲಿ ನಿನಗೆ ಎರಡು ಮಾತು ಜೋರಾಗಿ ಹೇಳಿರಬಹುದು. ಕೀ ನಾನು ತೆಗೆದಿಟ್ಟೆ. ನೀನು ಪಾಠ ಮಾಡುವ ಬ್ರಹ್ಮಾವರದ ಶಾಲೆಗೆ ಬಸ್ಸಿನಲ್ಲಿ ಹೋಪುಕೆ ಶುರು ಮಾಡಿದೆ. ಮರವಂತೆಯಲ್ಲಿ ಗಾಳಿಮಳೆಗೆ ಬಸ್ಸು ಕಾಯುವುದು ಎಂತದ್ದು ಅಂತ ನನಗೆ ಗೊತ್ತಿಲ್ವಾ? ಒಂದು ಬದಿ ಹೊಳೆ, ಒಂದು ಬದಿ ಕಡಲು, ಕೊಡೆ ನಿಲ್ಲುದಿಲ್ಲ. ಒಂದು ದಿನವೂ ನೀನು ಎದುರು ಮಾತಾಡಲಿಲ್ಲ. ಅದನ್ನು ನಾನು ಒಳ್ಳೆಯ ಗುಣ ಅಂತಲೇ ತಿಳಿದೆ.

ಎಂತ? ಹೊಸ ಪ್ಲೇಟ್ ಹಾಕಿದ ಮೇಲೆ ನೀನು ಕಾರು ಮುಟ್ಟಲೇ ಇಲ್ಲ, ಅಂತಲಾ? ಬಾಯಿ ಬಿಟ್ಟು ಹೇಳಲಿಲ್ಲ, ಆದ್ರೆ ನಿನ್ನ ಮುಖ ಹಾಂಗೇ ಹೇಳ್ತದೆ. ಅದು... ಪ್ಲೇಟ್ ಡೂಪ್ಲಿಕೇಟ್ ಇರ್ಲಕ್. ಈಗಿನ ಸಾಮಾನಲ್ವಾ! ಮತ್ತೆ ಇವತ್ತಿನ ಈ ವಾಹನದ ಸಾಲು, ಕಾಣ್, ವಂಡ್ಸೆ ದಾಟಿದಲ್ಲಿಂದ ಹೊರಡು, ನಿಲ್ಲು, ಹೊರಡು, ನಿಲ್ಲು. ಯಾವ ಪ್ಲೇಟ್ ಉಳೀತದೆ?

ಇಲ್ಲ, ಕೈ ಚಾಚಬೇಡ. ಕೀ ಕೊಡುದಿಲ್ಲ. ಸ್ವಲ್ಪ ತಣಿದ ಮೇಲೆ ಎಳೀತದೆ. ಶೀನ ತಡ ಮಾಡಿದ್ರೆ ನಾನೇ ಮೆಲ್ಲ ಹತ್ತಿಸ್ತೆ. ಹೌದು, ಮಗುವನ್ನು ಕೂರಿಸಿಕೊಂಡೇ. ನಾನು ಬಚ್ಚನಾ?

ಮೊಬೈಲಿನ ಟಾರ್ಚ್ ಎಂತಕ್ಕೆ ಹಾಕಿದೆ, ಹಾಡುಹಗಲಲ್ಲಿ? ಕೆಳಗೆ ಎಂತ ಕಾಂತೆ? ಚಪ್ಪಲಿ ಇಲ್ಲ. ನಿನಗೆ ಗೊತ್ತುಂಟಲ್ಲ, ನವರಾತ್ರಿ ಪೂರಾ ನಾನು ಚಪ್ಪಲಿ ಮೆಟ್ಟುದಿಲ್ಲ. ಕಾರಿನೊಳಗಂತೂ ಯಾವತ್ತೂ ಇಲ್ಲ. ಎದುರಲ್ಲಿ ಅಮ್ಮನ ಫೋಟೋ ಇಟ್ಟು ಪೂಜೆ ಮಾಡಿದ ಗಾಡಿ, ಗರ್ಭಗುಡಿ ಇದ್ದ ಹಾಂಗೆ. ಚಪ್ಪಲಿ ಹಾಕಿ ಕೂರುದಾ?

ಕಾಲಾ? ಕಾಲು ಕ್ಲಚ್ಚಿನ ಮೇಲೆ ಇಲ್ಲ ಮಾರಾಯ್ತಿ! ಎಂಜಿನ್ ಬಂದ್ ಮಾಡಿದ ಕೂಡಲೇ ತೆಗೆದೆ. ಪಕ್ಕದಲ್ಲಿ ಮ್ಯಾಟಿನ ಮೇಲೆ ಉಂಟು. ಇಷ್ಟು ಹೊತ್ತು ನಿನಗೆ ಅದೇ ಅಲ್ವಾ ಹೇಳಿದ್ದು? ಸುಮ್ಮನೆ ಹಾಂಗೆ ಕಾಣಬೇಡ. ಮ್ಯಾಟಿನ ಮೇಲೆಯೇ...

ಓ.

ಈಗ ತೆಗೆದೆ. ತೆಗೆದೆ, ಅಲ್ದಾ? ...ಇನ್ನೂ ಕ್ಲಚ್ಚಿನ ಮೇಲೆಯೇ ಉಂಟಾ?

ಬಿಡು, ಬಿಡು, ನನ್ನ ಕಾಲು ಹಿಡೀಬೇಡ, ಸೊಸೆ ಆದವಳು... ದಾರಿಯಲ್ಲಿ ಹೋಪವರು ಎಂತ ಹೇಳಿಯಾರು? ಎಂತದು ನಿನ್ನ ಕೈಯಲ್ಲಿ? ಕರಟದ ಚೂರು... ನಿನ್ನೆ ಆಯುಧ ಪೂಜೆಗೆ ಟೈರಿನ ಎದುರು ಒಡೆದ ಕಾಯಿದ್ದಾ? ಎಲ್ಲಿ ಸಿಕ್ಕಿತು? ...ಎಲ್ಲಿ ಅಂತ ಹೇಳು. ಮ್ಯಾಟಿನ ಮೇಲಾ? ಅದಕ್ಕೆ ರಕ್ತ ಎಲ್ಲಿಂದ ಬಂತು? ...ನನ್ನ ಅಂಗಾಲಿನ ಒಳಗಿಂದಲಾ? ಈಗಲಾ ಎಳೆದು ತೆಗೆದದ್ದು? ಈಗ, ನಾನು ಮಾತಾಡುವಾಗ?

ಒಂದು ಮಾತು ಬೈಯ್ ಅಕ್ಷಯಾ. ಬೈದ್ರೆ ತಿರುಗಿ ಬೈದು ತಪ್ಪಿಸಿಕೊಂತಿದ್ದೆ. ಹೀಂಗೆ ನನ್ನ ಕಾಲಿಗೆ ಬಟ್ಟೆ ಕಟ್ತಾ ಕೂತ್ರೆ ಎಂತ ಮಾಡುದು...

ಸಕ್ಕರೆ ಕಾಯಿಲೆ ಕಾಲಿನ ನರಕ್ಕೆ ಇಳಿದಿದೆ, ಮುಟ್ಟಿದ್ದು ತುಳಿದದ್ದು ಗೊತ್ತಾಗುದಿಲ್ಲ ಅಂದ್ರು ಡಾಕ್ಟ್ರು. ಮಳೆಗಾಲದ ಮೊದಲೇ. ಗಾಡಿ ಬಿಡಬೇಡಿ ಅಂದ್ರು. ನಿನ್ನ ಅತ್ತೆಗೂ ಹೇಳಲಿಲ್ಲ. ಅಮ್ಮ ಸರಿ ಮಾಡ್ತಾಳೆ ಅಂತ ಹರಕೆ ಹೊತ್ತೆ, ಬರಿಗಾಲಿನ ಹರಕೆ. ಗ್ಯಾರೇಜಿನವ ಆ ಪ್ಲೇಟ್ ಕೈಗೆ ಕೊಟ್ಟಾಗಲೇ ಅದು ಯಾರ ಕಾಲು ಅಂತ ನನಗೆ... ಬಿಡು. ನಿನಗೆ ಗೊತ್ತಾಯ್ತಲ್ಲ.

ಹಿಂದೆ ತಿರುಗಿ ಮಗುವನ್ನು ಕಾಣಬೇಡ. ನಾನೂ ಅದನ್ನೇ ಎಣಿಸಿದೆ ಈಗ.

ಹಾರ್ನ್ ಕೇಳಿತಾ? ಶೀನನೇ ಅದು. ಶ್ರಾವ್ಯಳನ್ನು ಎತ್ತಿಕೋ, ಮೆಲ್ಲ. ಈ ಬದಿಯಿಂದ ಇಳಿ, ಆ ಬದಿ ವಾಹನ. ನೀವು ಹೋಗಿ ಅಕ್ಷರ ಬರೆಸಿ, ನಾನು ಇಲ್ಲೇ ಕೂಕಂತೆ. ಮತ್ತೆ... ಸಂಜೆ ರಂಜನ ಫೋನು ಮಾಡ್ತ. ಇವತ್ತಿನ ಈ ಕಥೆ ಅವನಿಗೆ ನೀನೇ ಹೇಳು. ಅತ್ತೆಗೆ ಹೇಳು, ಗ್ಯಾರೇಜಿಗೂ ಹೋಗಿ ಹೇಳು. ನಾನು ಹೇಳಿದ್ರೆ ನಡುವೆ ಎಲ್ಲಾದರೂ ಒಂದು ಸುಳ್ಳು ಸೇರಿಸ್ತೆ. ಅಮ್ಮನ ಎದುರು ನಿಲ್ಲಿಸಿ ಕೇಳಿದ್ರೂ ಸೇರಿಸ್ತೆ, ಅದು ಈಗ ಗೊತ್ತಾಯ್ತು. ನೀನು ಇದ್ದ ಹಾಂಗೆ ಹೇಳು. ಅವತ್ತು ನಾನು ನಿನ್ನ ಹೆಸರು ಹೇಳಿದ ಕಡೆಯಲ್ಲೆಲ್ಲ ನನ್ನ ಹೆಸರು ಇಟ್ಟು ಹೇಳು, ಮಗಾ.